ತೋಳಿನ ಬಲಕ್ಕೆ ಅಂಜಬೇಕೆ?

ಸ್ಟೇಶನ್ ಬಜಾರದ ಮನೆಗಳಲ್ಲಿ ಒಂದು ಮಾತು ಆಗಾಗ ನಮ್ಮ ಕಿವಿಗೆ ಬೀಳುತ್ತದೆ: ‘ಭಾರ ಎತ್ತಿದರೆ ಹುಡುಗಿ ಗಂಡಸಿನಂತೆ ಕಾಣುತ್ತಾಳೆ.’ ಈ ಅಂಜಿಕೆಯಿಂದ ಎಷ್ಟೋ ಸಹೋದರಿಯರು ವ್ಯಾಯಾಮವನ್ನೇ ತೊರೆದಿದ್ದಾರೆ.

ಸ್ನಾಯುಗಳನ್ನು ದಪ್ಪಗೊಳಿಸುವ ಟೆಸ್ಟೋಸ್ಟೆರಾನ್ ಹಾರ್ಮೋನು ಸ್ತ್ರೀಯರಲ್ಲಿ ಪುರುಷರಿಗಿಂತ ಅನೇಕ ಪಟ್ಟು ಕಡಿಮೆ. ಆದ್ದರಿಂದ ಸಾಧಾರಣ ವ್ಯಾಯಾಮದಿಂದ ಬಲ ಹೆಚ್ಚುತ್ತದೆಯೇ ಹೊರತು ಗಾತ್ರ ಅಷ್ಟಾಗಿ ಹೆಚ್ಚದು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ 49 ಕಿಲೋ ವಿಭಾಗದಲ್ಲಿ ಮೀರಾಬಾಯಿ ಚಾನು ಒಟ್ಟು 202 ಕಿಲೋ ಭಾರವೆತ್ತಿ ಬೆಳ್ಳಿ ಪದಕ ಗಳಿಸಿದರು.

ಮುಟ್ಟು ನಿಂತ ಬಳಿಕ ಮೂಳೆಗಳು ಬೇಗ ಸವೆಯುತ್ತವೆ; ಆಗ ಜಾರಿಬಿದ್ದರೆ ಸೊಂಟವೇ ಮುರಿದೀತು. ಸ್ನಾಯುಗಳಿಗೆ ಶ್ರಮ ಕೊಟ್ಟರೆ ಮೂಳೆಯೂ ಗಟ್ಟಿಗೊಳ್ಳುತ್ತದೆ. ವಾರಕ್ಕೆ ಕನಿಷ್ಠ 2 ದಿನ ಇಂಥ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕುರ್ಚಿಯಿಂದ ಎದ್ದು ಕೂಡುವುದು, ನೀರು ತುಂಬಿದ ಬಾಟಲಿ ಎತ್ತುವುದು ಆರಂಭಕ್ಕೆ ಸಾಕು. ಊಟದಲ್ಲಿ ನಮ್ಮ ತೊಗರಿಬೇಳೆ ತಪ್ಪದಿರಲಿ.

ಕಮಲಾಪುರದ ಹೊಲಗಳಿಂದ ಹೊರೆ ಹೊತ್ತು ತಂದು, ಮನೆಯಲ್ಲಿ ರೊಟ್ಟಿ ಬಡಿದ ತಾಯಂದಿರ ತೋಳುಗಳನ್ನು ನಾವು ಎಂದೂ ಹೀಗಳೆಯಲಿಲ್ಲ. ಆ ತೋಳುಗಳೇ ನಮ್ಮನ್ನು ಸಾಕಿದವು. ಕಾಯಕಕ್ಕೆ ಕಸುವು ಬೇಕು. ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ: ಮಗಳು ವ್ಯಾಯಾಮಕ್ಕೆ ಹೊರಟಾಗ ಕನ್ನಡಿಯ ಮಾತು ಹೇಳಿ ತಡೆಯದಿರೋಣ.