ಪರದೇಶದ ಹಣವೂ ಹಳ್ಳಿಯ ಕಾಡೂ

2025ನೆಯ ಇಸವಿಯ ಜುಲೈ 1ರಂದು ಅಮೆರಿಕದ ವಿದೇಶೀ ನೆರವಿನ ಸಂಸ್ಥೆಯಾದ ಯುಎಸ್‌ಏಡ್ ತನ್ನ ಕೆಲಸವನ್ನು ನಿಲ್ಲಿಸಿತು. ಔಷಧಿ, ಆಹಾರ, ಶಾಲೆ ಮೊದಲಾದವುಗಳ ಜೊತೆಗೆ ಬಡ ದೇಶಗಳ ಹಳ್ಳಿಯವರು ತಮ್ಮ ಸುತ್ತಣ ಕಾಡನ್ನು ತಾವೇ ನೋಡಿಕೊಂಡು ಅದರಿಂದ ಜೀವನ ಸಾಗಿಸುವ ಕಾರ್ಯಕ್ಕೂ ಈ ಸಂಸ್ಥೆ ಹಣ ಒದಗಿಸುತ್ತಿತ್ತು. ಹಣ ನಿಂತೊಡನೆ ಆ ಕಾಡುಗಳ ಗತಿ ಏನೆಂದು ಹಲವರು ಕೇಳಿದರು. ನನಗೆ ತೋರುವ ಪ್ರಶ್ನೆ ಬೇರೆ. ಹಣ ಬರುತ್ತಿದ್ದ ಕಾಲದಲ್ಲಿ ಅದು ಏನನ್ನು ಕೊಂಡಿತು? ಸಸಿಗಳನ್ನೋ, ಅಧಿಕಾರವನ್ನೋ? ಇದಕ್ಕೆ ಉತ್ತರ ದೊರೆತರೆ ಮೊದಲನೆಯ ಪ್ರಶ್ನೆಗೂ ಉತ್ತರ ದೊರೆತಂತೆಯೇ.

ಇದನ್ನು ಪರೀಕ್ಷಿಸಲು ನೇಪಾಳಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಹಿಮಾಲಯದ ಆ ಪುಟ್ಟ ದೇಶದಲ್ಲಿ ಬೇಸಾಯಗಾರನ ಬಾಳು ಕಾಡಿಗೆ ಹೆಣೆದುಕೊಂಡಿದೆ. ಸೌದೆ ಕಾಡಿನಿಂದ, ದನಕ್ಕೆ ಮೇವು ಕಾಡಿನಿಂದ, ಕೊಟ್ಟಿಗೆಗೆ ಹಾಸುವ ತರಗೆಲೆ, ಅದರಿಂದ ಗೊಬ್ಬರ, ಗೊಬ್ಬರದಿಂದ ಬೆಳೆ. ನಮ್ಮ ಮಲೆನಾಡಿನ ಸೊಪ್ಪಿನ ಬೆಟ್ಟವನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಂಥ ದೇಶದಲ್ಲಿ 1957ರಲ್ಲಿ ಸರಕಾರವು ಕಾನೂನೊಂದನ್ನು ಮಾಡಿ ಖಾಸಗಿ ಅರಣ್ಯಗಳನ್ನು ರಾಷ್ಟ್ರೀಕರಣಗೊಳಿಸಿತು. ಉದ್ದೇಶ ಕೆಟ್ಟದ್ದೇನಲ್ಲ, ಕಾಡು ಕೆಲವೇ ಪ್ರಬಲ ಮನೆತನಗಳ ಪಾಲಾಗಬಾರದೆಂಬುದು ಅದರ ಆಶಯವಾಗಿತ್ತು. ಆದರೆ ಹಳ್ಳಿಗನು ಅದನ್ನು ಹೀಗೆ ಓದಿಕೊಂಡನು: ನಿನ್ನೆಯವರೆಗೆ ನಮ್ಮದಾಗಿದ್ದುದು ಇಂದು ಸರಕಾರದ್ದಾಯಿತು. ಸರಕಾರಕ್ಕೋ ಅಷ್ಟು ಬೆಟ್ಟಗಳನ್ನು ಕಾಯುವಷ್ಟು ಜನರಿರಲಿಲ್ಲ. ಯಾರೂ ಕಾಯದ ವಸ್ತುವನ್ನು ಎಲ್ಲರೂ ಕಡಿದರು.

1970ರ ದಶಕದ ವೇಳೆಗೆ ಹೊರಗಿನ ಪ್ರಪಂಚ ಇದನ್ನು ಕಂಡು ಗಾಬರಿಗೊಂಡಿತು. ಅಮೆರಿಕದ ಲೇಖಕ ಎರಿಕ್ ಎಕ್‌ಹೋಮ್ 1976ರಲ್ಲಿ ಪ್ರಕಟಿಸಿದ ಪುಸ್ತಕವು ಬೆಟ್ಟದ ರೈತನ ಕೊಡಲಿಗೂ ಬಯಲಿನ ಪ್ರವಾಹಕ್ಕೂ ನೇರವಾಗಿ ಗಂಟುಹಾಕಿತು. ಕೆಲವೇ ದಶಕಗಳಲ್ಲಿ ನೇಪಾಳದ ಗುಡ್ಡಗಳು ಬೋಳಾಗುವುವೆಂದು ತಜ್ಞರು ಭವಿಷ್ಯ ನುಡಿದರು. ಭಯದ ಬೆನ್ನಲ್ಲೇ ಹಣ ಬಂದಿತು. ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸ್ವಾರಸ್ಯವಿದೆ. ಒಬ್ಬ ನೇಪಾಳೀ ವರ್ಷಕ್ಕೆ ಎಷ್ಟು ಸೌದೆ ಉರಿಸುತ್ತಾನೆಂಬ ಅಂದಾಜುಗಳನ್ನೆಲ್ಲ 1980ರ ದಶಕದ ಮಧ್ಯದಲ್ಲಿ ಮೈಕೆಲ್ ಥಾಂಪ್ಸನ್ ಮತ್ತು ಮೈಕೆಲ್ ವಾರ್ಬರ್ಟನ್ ಒಂದೆಡೆ ಕೂಡಿಸಿ ನೋಡಿದರು. ಅತಿ ಕಡಿಮೆಯ ಅಂದಾಜಿಗೂ ಅತಿ ಹೆಚ್ಚಿನದಕ್ಕೂ ನಡುವೆ 67 ಪಟ್ಟು ಅಂತರವಿತ್ತು! ಇಂಥ ಅಳತೆಗೋಲಿನಿಂದ ಒಂದು ದೇಶದ ಭವಿಷ್ಯವನ್ನು ಅಳೆಯಲಾಗುತ್ತಿತ್ತು. ಬೆಟ್ಟದ ರೈತನೇ ಪ್ರವಾಹಕ್ಕೆ ಕಾರಣನೆಂಬ ವಾದವೂ 1989ರಲ್ಲಿ ಜಾಕ್ ಐವ್ಸ್ ಮತ್ತು ಬ್ರೂನೊ ಮೆಸ್ಸರ್ಲಿ ಎಂಬ ಭೂಗೋಳ ವಿಜ್ಞಾನಿಗಳ ಪರಿಶೀಲನೆಯ ಮುಂದೆ ನಿಲ್ಲಲಿಲ್ಲ. ಇನ್ನೂ ಎಳೆಯದಾದ ಹಿಮಾಲಯ ಪರ್ವತವು ಮನುಷ್ಯನ ಹಂಗಿಲ್ಲದೆಯೇ ಕುಸಿಯುತ್ತಿರುತ್ತದೆ.

ಬಂದ ಹಣ ಮೊದಲು ಸಸಿಗಳಾಯಿತು. 1978ರಲ್ಲಿ ಆರಂಭವಾದ ಆಸ್ಟ್ರೇಲಿಯದ ಯೋಜನೆಯು ಕಠ್ಮಂಡುವಿನ ಪೂರ್ವಕ್ಕಿರುವ ಸಿಂಧುಪಾಲ್ಚೋಕ್ ಮತ್ತು ಕಾಭ್ರೆಪಲಾಂಚೋಕ್ ಜಿಲ್ಲೆಗಳ ಬೋಳುಗುಡ್ಡಗಳಲ್ಲಿ ಪೈನ್ ಮರಗಳನ್ನು ನೆಟ್ಟಿತು. ಪೈನ್ ಬಡ ನೆಲದಲ್ಲಿಯೂ ಬದುಕುವ ಮರ. ಅದರ ಸೂಜಿಯೆಲೆಗಳನ್ನು ದನ ಮುಟ್ಟದು. ಕಾಡು ಬೆಳೆಸುವವನಿಗೆ ಇದು ಅನುಕೂಲ, ಮೇವು ಬೇಕಾದ ಗೃಹಿಣಿಗೆ ಅಲ್ಲ. ಆದರೆ ಕೆಲವು ವರ್ಷಗಳು ಕಳೆದ ಮೇಲೆ ಪೈನ್ ಮರಗಳ ಕೆಳಗೆ ಯಾರೂ ನೆಡದಿದ್ದ ಅಗಲ ಎಲೆಯ ಗಿಡಗಳು ತಲೆಯೆತ್ತಿದವು. ಎಲ್ಲಿಂದ ಬಂದವು ಇವು? ಕಡಿದ ಮರ ಸತ್ತ ಮರವಲ್ಲ. ಮೇಲ್ಭಾಗವನ್ನು ಕಡಿದರೂ ದನ ಚಿಗುರನ್ನು ಮೇದರೂ ಎಷ್ಟೋ ಜಾತಿಯ ಮರಗಳ ಬೇರು ಮಣ್ಣಿನಲ್ಲಿ ವರ್ಷಾನುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಕೊಡಲಿ ಮತ್ತು ಬಾಯಿ ಎರಡೂ ಕೆಲವು ಕಾಲ ದೂರವಾದರೆ ಕೂಳೆಯಿಂದ ಕಬ್ಬು ಬರುವಂತೆ ಆ ಬೇರಿನಿಂದ ಕಾಡು ಬರುತ್ತದೆ. ಬೇರು ಜೀವದಿಂದಿರುವ ಕಡೆ ಕಾಡಿಗೆ ಬೇಕಾದುದು ನಾಟಿಗಿಂತ ಹೆಚ್ಚಾಗಿ ಕಾವಲು.

ಹಾಗಾದರೆ ಕಾಯುವವರು ಯಾರು? ಇದಕ್ಕೂ ಉತ್ತರ ಹಳ್ಳಿಗಳಲ್ಲಿ ಸಿದ್ಧವಾಗಿಯೇ ಇತ್ತು. ನೇಪಾಳದ ಅನೇಕ ಊರುಗಳಲ್ಲಿ ‘ಮಾನಾ-ಪಾಥಿ’ ಎಂಬ ಪದ್ಧತಿ ಇತ್ತು. ಮಾನಾ ಮತ್ತು ಪಾಥಿ ಎಂದರೆ ನಮ್ಮ ಸೇರು-ಬಳ್ಳಗಳಂತೆ ಧಾನ್ಯದ ಅಳತೆಗಳು. ಪ್ರತಿ ಮನೆಯೂ ಇಷ್ಟಿಷ್ಟು ಧಾನ್ಯ ಕೂಡಿಸಿ ಕಾಡಿನ ಕಾವಲುಗಾರನಿಗೆ ಕೊಡುತ್ತಿತ್ತು. ಯಾವ ಪರದೇಶದ ಖಜಾನೆಯೂ ಇದಕ್ಕೆ ಬೇಕಾಗಿರಲಿಲ್ಲ. ಪರದೇಶದಿಂದ ಬಂದ ಅರಣ್ಯತಜ್ಞರಲ್ಲಿ ಕೆಲವರು ಇದನ್ನು ಕಂಡು, ಒಪ್ಪಿ, ಬರೆದರು. ತಾವು ಕಲಿಸಲು ಬಂದ ಕಡೆ ಕಲಿತುಹೋದುದು ಅವರ ದೊಡ್ಡತನ.

ಅಲ್ಲಿಂದ ಮುಂದೆ ಹಣದ ದಿಕ್ಕು ಬದಲಾಯಿತು. 1993ರ ಅರಣ್ಯ ಕಾಯಿದೆ ನೇಪಾಳದ ಬಳಕೆದಾರರ ಗುಂಪುಗಳಿಗೆ ಕಾನೂನಿನ ವ್ಯಕ್ತಿತ್ವ ಕೊಟ್ಟಿತು. ನೆಲದ ಒಡೆತನ ರಾಜ್ಯದ್ದೇ ಆದರೂ ಕಾಡನ್ನು ಕಾಯುವ, ಬಳಸುವ, ಮಾರುವ ಹಕ್ಕು ಮತ್ತು ಬಂದ ಆದಾಯ ಗುಂಪಿನದು. ಅದರಲ್ಲಿ ಶೇಕಡ 25 ಭಾಗವನ್ನು ಮರಳಿ ಕಾಡಿಗೇ ಹಾಕಬೇಕೆಂಬುದು ನಿಯಮ. ಬ್ರಿಟನ್, ಸ್ವಿಟ್ಸರ್ಲೆಂಡ್, ಆಸ್ಟ್ರೇಲಿಯ, ಡೆನ್ಮಾರ್ಕ್, ಅಮೆರಿಕಗಳ ನೆರವು ಗಡಿ ಗುರುತಿಸುವುದಕ್ಕೆ, ಕಾರ್ಯಯೋಜನೆ ಬರೆಯುವುದಕ್ಕೆ, ಲೆಕ್ಕ ಇಡುವುದನ್ನು ಕಲಿಸುವುದಕ್ಕೆ ವಿನಿಯೋಗವಾಯಿತು. ಭಾವಚಿತ್ರ ತೆಗೆಸಿಕೊಳ್ಳುವಂಥ ಕೆಲಸಗಳಲ್ಲ ಇವು. ಆದರೆ ಉಳಿದದ್ದು ಇವೇ. ಇಂದು ಅಲ್ಲಿ 22,000ಕ್ಕೂ ಮಿಕ್ಕಿದ ಗುಂಪುಗಳು 20 ಲಕ್ಷ ಹೆಕ್ಟೇರಿಗಿಂತ ಹೆಚ್ಚಿನ ಕಾಡನ್ನು ನೋಡಿಕೊಳ್ಳುತ್ತಿವೆ. ಉಪಗ್ರಹಚಿತ್ರಗಳ ಅಧ್ಯಯನವೊಂದರ ಪ್ರಕಾರ 1992ರಲ್ಲಿ ದೇಶದ ಶೇಕಡ 26ರಷ್ಟಿದ್ದ ಅರಣ್ಯ 2016ರ ವೇಳೆಗೆ ಶೇಕಡ 45ಕ್ಕೆ ಏರಿತ್ತು. ಇದರ ಕೀರ್ತಿಯನ್ನೆಲ್ಲ ಗುಂಪುಗಳಿಗೇ ಕೊಡುವುದು ನ್ಯಾಯವಲ್ಲ. ಲಕ್ಷಾಂತರ ತರುಣರು ದುಡಿಯಲು ಕೊಲ್ಲಿ ದೇಶಗಳಿಗೂ ಮಲೇಷ್ಯಕ್ಕೂ ಹೋದರು, ಹೊಲಗಳು ಹಾಳುಬಿದ್ದವು, ಅಲ್ಲಿಯೂ ಮರ ಬೆಳೆಯಿತು.

ಎಲ್ಲವೂ ಚೆಲುವಾಗಿಯೇ ನಡೆಯಿತೆಂದೂ ತಿಳಿಯಬಾರದು. ಕಾಡಿಗೆ ಕಾವಲು ಹಾಕಿದಾಗ ಜಮೀನುಳ್ಳವನು ತನ್ನ ಬದುವಿನ ಮರದಿಂದ ಸೌದೆ ತಂದನು, ಜಮೀನಿಲ್ಲದವಳು ಬರಿಗೈಯಾದಳು. ಇದ್ದಲಿಲ್ಲದೆ ಕುಲುಮೆ ನಡೆಯದ ದಲಿತ ಕಮ್ಮಾರನ ಕಷ್ಟ ಸಮಿತಿಯ ಸಭೆಯಲ್ಲಿ ಯಾರಿಗೂ ಕೇಳಿಸದೆ ಹೋದದ್ದುಂಟು. ಇಲ್ಲಿ ನೆರವು ಕೊಟ್ಟವರ ಒತ್ತಾಯ ಒಳ್ಳೆಯದನ್ನೇ ಮಾಡಿತೆಂದು ನನ್ನ ಅಭಿಪ್ರಾಯ. ಸಮಿತಿಯಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂಬ 2009ರ ಮಾರ್ಗಸೂಚಿಯ ಹಿಂದೆ ಅಲ್ಲಿನ ಬಳಕೆದಾರರ ಹೋರಾಟದ ಜೊತೆಗೆ ಆ ಒತ್ತಾಯವೂ ಇತ್ತು. ಲೋಕ್ತಾ ಎಂಬ ಪೊದೆಯ ನಾರಿನಿಂದ ಕೈಕಾಗದ ಮಾಡುವಂಥ ಕಸುಬುಗಳಿಗೆ ಪೇಟೆ ಹುಡುಕಿಕೊಟ್ಟುದೂ ಸಣ್ಣ ಉಪಕಾರವಲ್ಲ. ಲೋಕ್ತಾದ ಕಾಂಡವನ್ನು ನೆಲದಿಂದ ಸ್ವಲ್ಪ ಮೇಲಕ್ಕೆ ಕೊಯ್ದರೆ ಕೆಲವು ವರ್ಷಗಳಲ್ಲಿ ಅದು ಮತ್ತೆ ಬೆಳೆಯುತ್ತದೆ. ಕೊಯ್ಯುವವನಿಗೆ ಮುಂದಿನ ಕೊಯ್ಲೂ ತನ್ನದೇ ಎಂಬ ಭರವಸೆ ಇದ್ದರೆ ಮಾತ್ರ ಆತ ಆ ಎಚ್ಚರ ವಹಿಸಿಯಾನು.

ಇನ್ನು ನಮ್ಮ ನಾಡಿನ ಅನುಭವಕ್ಕೆ ಬರೋಣ. ಕರ್ನಾಟಕಕ್ಕೂ ಇಂಥ ಹಣ ಧಾರಾಳವಾಗಿ ಬಂದಿದೆ. (ಅದರಲ್ಲಿ ಬಹುಭಾಗ ಸಾಲ, ‘ನೆರವು’ ಎಂಬ ಮೃದುವಾದ ಮಾತು ಅದನ್ನು ಮರೆಸುತ್ತದೆ.) 1980ರ ದಶಕದಲ್ಲಿ ವಿಶ್ವಬ್ಯಾಂಕು ಮತ್ತು ಬ್ರಿಟನ್ನಿನ ಹಣದಿಂದ ನಡೆದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಕೋಲಾರದ ಕಡೆ ರಾಗಿಯ ಹೊಲಗಳಲ್ಲಿ ನೀಲಗಿರಿ ನಿಂತಿತು. ಹಳ್ಳಿಗೆ ಸೌದೆ ಒದಗಲೆಂದು ಹೊರಟ ಯೋಜನೆ ಕಾರ್ಖಾನೆಗೆ ತಿರುಳು ಒದಗಿಸಿತು. 1990ರ ದಶಕದಲ್ಲಿ ಬ್ರಿಟನ್ನಿನ ನೆರವಿನಿಂದಲೇ ಉತ್ತರ ಕನ್ನಡದಲ್ಲಿ ಪಶ್ಚಿಮ ಘಟ್ಟದ ಅರಣ್ಯ ಯೋಜನೆ ನಡೆಯಿತು. 1993ರ ಸರಕಾರೀ ಆದೇಶದಂತೆ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಇದು ಹಿಂದಿನದಕ್ಕಿಂತ ಉತ್ತಮವಾದ ಹೆಜ್ಜೆ. ಆದರೆ ಸಮಿತಿಯ ಕಾರ್ಯದರ್ಶಿ ಇಲಾಖೆಯ ವನಪಾಲಕನೇ. ಪುಸ್ತಕ ಅವನ ಕೈಯಲ್ಲಿ, ಹಣಕ್ಕೆ ಅವನ ಸಹಿ. ಯೋಜನೆಯ ಹಣ ಮುಗಿದ ಮೇಲೆ ಅನೇಕ ಸಮಿತಿಗಳ ಸಭೆಗಳೂ ಮುಗಿದವು.

ಅದೇ ಜಿಲ್ಲೆಯ ಕುಮಟಾ ತಾಲ್ಲೂಕಿನ ಹಳಕಾರಿನಲ್ಲಿ 1920ರ ದಶಕದಲ್ಲಿ ಸ್ಥಾಪಿತವಾದ ಗ್ರಾಮ ಅರಣ್ಯ ಪಂಚಾಯಿತಿ ಇದೆ. ಮುಂದೆ ಸರಕಾರವು ಇಂಥ ಪಂಚಾಯಿತಿಗಳನ್ನು ರದ್ದುಮಾಡಹೊರಟಾಗ ಹಳಕಾರಿನವರು ನ್ಯಾಯಾಲಯದ ಮೆಟ್ಟಿಲು ಹತ್ತಿ ಅದನ್ನು ಉಳಿಸಿಕೊಂಡರು. ಪರದೇಶದ ಹಣ ನಿಂತಾಗ ಉಳಿಸಿಕೊಳ್ಳಲು ಹೀಗೆ ಹೋರಾಡಿದ ಸಮಿತಿ ಎಷ್ಟಿವೆ? ಜನರು ಹಕ್ಕಿಗಾಗಿ ಹೋರಾಡುತ್ತಾರೆ. ಕೂಲಿ ಕೊಡುವ ಯೋಜನೆಗಾಗಿ ಹೋರಾಡುವುದಿಲ್ಲ.

ಆದುದರಿಂದ ನೆರವೇ ಬೇಡವೆನ್ನುವವರ ಗುಂಪಿಗೆ ನಾನು ಸೇರಲಾರೆ. ಕಾಡ್ಗಿಚ್ಚನ್ನು ಎದುರಿಸುವ ಶಿಕ್ಷಣಕ್ಕೆ, ಗಡಿಯ ಮೋಜಣಿಗೆ, ಸಂಗ್ರಹಿಸಿದ ಜೇನು ನೆಲ್ಲಿಗಳನ್ನು ದಲ್ಲಾಳಿಯ ಹಂಗಿಲ್ಲದೆ ಮಾರುವ ಸಹಕಾರ ಸಂಘಕ್ಕೆ ಹಣ ಬೇಕು. ಅದು ಯಾವ ದೇಶದ್ದಾದರೂ ಸರಿ. ಆದರೆ ಹಕ್ಕುಪತ್ರ ಮೊದಲು, ಹಣ ಆಮೇಲೆ. ನಮ್ಮಲ್ಲಿ 2006ರ ಅರಣ್ಯ ಹಕ್ಕು ಕಾಯಿದೆ ಆ ದಾರಿಯನ್ನು ತೆರೆದಿದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ 25 ಪೋಡುಗಳ ಸೋಲಿಗರಿಗೆ ಸಮುದಾಯದ ಅರಣ್ಯ ಹಕ್ಕು ದೊರೆಯಿತು. ಮಿಕ್ಕ ಜಿಲ್ಲೆಗಳಲ್ಲಿ ಆ ಕಾರ್ಯ ಬಹಳ ನಿಧಾನವಾಗಿದೆ. ಅದಕ್ಕೆ ಹಣದ ಕೊರತೆ ಕಾರಣವಲ್ಲ.

ಕಾಡಿನ ಅಂಚಿನ ಊರುಗಳಿಂದ ಬಂದ ವಿದ್ಯಾರ್ಥಿಗಳು ಈ ಬೇಸಗೆಯ ರಜದಲ್ಲಿ ಒಂದು ಸಣ್ಣ ಶೋಧನೆಯನ್ನು ಮಾಡಬಹುದು. ನಿಮ್ಮ ಊರಿನಲ್ಲಿ ಗ್ರಾಮ ಅರಣ್ಯ ಸಮಿತಿ ಇದ್ದಿತೆ? ಅದರ ಕೊನೆಯ ಸಭೆ ಯಾವ ವರ್ಷ ನಡೆಯಿತು? ನಡವಳಿಕೆಯ ಪುಸ್ತಕ ಈಗ ಯಾರ ಮನೆಯಲ್ಲಿದೆ? ಆಮೇಲೆ ನೆಡುತೋಪಿನೊಳಗೆ ಹೋಗಿ ನೆಟ್ಟ ಮರಗಳ ನಡುವೆ ತಾನಾಗಿ ಹುಟ್ಟಿದ ಗಿಡಗಳ ಜಾತಿಗಳನ್ನು ಎಣಿಸಿ, ಊರಿನ ಹಿರಿಯರನ್ನು ಕೇಳಿ ಅವುಗಳ ಹೆಸರು ಬರೆದುಕೊಳ್ಳಿರಿ.