ಬಿ.ಇಡಿ ಮುಗಿಸಿದರೆ ಯಾವ ತರಗತಿಗಾದರೂ ಪಾಠ ಮಾಡಬಹುದೇ?

"ಡಿಗ್ರಿ ಆಯ್ತು, ಬಿ.ಇಡಿನೂ ಆಯ್ತು. ನಮ್ಮೂರ ಶಾಲೇಲಿ ಒಂದನೇ ಕ್ಲಾಸಿಗೆ ಪಾಠ ಮಾಡೋಕೆ ಇನ್ನೇನು ಬೇಕಂತೆ ಇವರಿಗೆ?" ನಮಗೆ ಪರಿಚಯವಿರುವ ತಾಯಿಯೊಬ್ಬರು ಹೀಗೆ ಕೇಳಿದ್ದರು. ಮಗಳು ಬಿ.ಎಸ್ಸಿ ಮುಗಿಸಿ ಎರಡು ವರ್ಷ ಬಿ.ಇಡಿ ಓದಿದ್ದಾಳೆ. ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲೇ ಕೆಲಸ ಸಿಕ್ಕರೆ ಸಾಕು ಎಂಬುದು ಮನೆಯವರ ಆಸೆ. ಆದರೆ ಒಂದರಿಂದ ಐದನೇ ತರಗತಿಯ ಶಿಕ್ಷಕರ ಹುದ್ದೆಗೆ ಆಕೆ ಅರ್ಜಿ ಹಾಕುವಂತೆಯೇ ಇಲ್ಲ ಎಂದಾಗ ಅವರು ನಂಬಲಿಲ್ಲ. "ಹೆಚ್ಚು ಓದಿದವಳಿಗೆ ಚಿಕ್ಕ ಮಕ್ಕಳಿಗೆ ಕಲಿಸೋಕೆ ಬರಲ್ವಾ?" ಎಂದು ಮರುಪ್ರಶ್ನೆ ಹಾಕಿದರು.

ಈ ಪ್ರಶ್ನೆ ಅವರೊಬ್ಬರದ್ದಲ್ಲ. ಶಿಕ್ಷಕರಾಗಲು ಬೇಕಾದ ಅರ್ಹತೆಯ ಬಗ್ಗೆ ಹಲವು ತಪ್ಪು ತಿಳಿವಳಿಕೆಗಳಿವೆ. ಅವುಗಳಿಂದಾಗಿ ಎರಡು ವರ್ಷದ ಓದು, ಮನೆಯವರು ಕೂಡಿಸಿದ ಹಣ, ಕೆಲವೊಮ್ಮೆ ವಯೋಮಿತಿಯೂ ಕೈಜಾರುತ್ತದೆ. ಅಂಥ ಐದು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: ಬಿ.ಇಡಿ ದೊಡ್ಡ ಕೋರ್ಸ್, ಆದ್ದರಿಂದ ಅದು ಎಲ್ಲ ತರಗತಿಗೂ ಸಲ್ಲುತ್ತದೆ

ಇದು ತಪ್ಪು. ಶಿಕ್ಷಕರ ಕನಿಷ್ಠ ಅರ್ಹತೆಯನ್ನು ನಿಗದಿ ಮಾಡುವುದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದೇ ವರ್ಷ ಆಗಸ್ಟ್ 23ರಂದು ಪರಿಷತ್ತು ಒಂದರಿಂದ ಎಂಟನೇ ತರಗತಿವರೆಗಿನ ಶಿಕ್ಷಕರ ಅರ್ಹತೆಯನ್ನು ಪ್ರಕಟಿಸಿತು. ಒಂದರಿಂದ ಐದಕ್ಕೆ ಒಂದು ಬಗೆ, ಆರರಿಂದ ಎಂಟಕ್ಕೆ ಇನ್ನೊಂದು ಬಗೆ.

ಗೊಂದಲ ಶುರುವಾದದ್ದು 2018ರಲ್ಲಿ. ಆ ವರ್ಷದ ಜೂನ್ 28ರ ಅಧಿಸೂಚನೆಯಲ್ಲಿ ಬಿ.ಇಡಿ ಆದವರೂ ಒಂದರಿಂದ ಐದನೇ ತರಗತಿಗೆ ಶಿಕ್ಷಕರಾಗಬಹುದು, ನೇಮಕವಾದ ಎರಡು ವರ್ಷದೊಳಗೆ ಆರು ತಿಂಗಳ ಸೇತುಬಂಧ ಕೋರ್ಸ್ ಮುಗಿಸಿದರೆ ಸಾಕು ಎಂದು ಹೇಳಲಾಯಿತು. ರಾಜಸ್ಥಾನ ಹೈಕೋರ್ಟ್ ಇದನ್ನು ರದ್ದು ಮಾಡಿತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಹೀಗಾಗಿ ಈಗ ಒಂದರಿಂದ ಐದನೇ ತರಗತಿಗೆ ಹೊಸದಾಗಿ ನೇಮಕವಾಗಲು ಬಿ.ಇಡಿ ಮಾತ್ರ ಇದ್ದರೆ ಸಾಲದು. ಪಿಯುಸಿ ನಂತರದ ಎರಡು ವರ್ಷದ ಡಿ.ಇಎಲ್.ಇಡಿ ಅಥವಾ ಅದಕ್ಕೆ ಸಮನಾದ ತರಬೇತಿ ಬೇಕು. ನಮ್ಮ ರಾಜ್ಯದಲ್ಲಿ ಹಿಂದೆ ಟಿಸಿಎಚ್, ಆಮೇಲೆ ಡಿ.ಇಡಿ ಎಂದು ಕರೆಯುತ್ತಿದ್ದುದು ಇದನ್ನೇ.

ಹಾಗಾದರೆ ಆ ತಾಯಿಯ ಮರುಪ್ರಶ್ನೆಗೆ ಏನು ಉತ್ತರ? ಚಿಕ್ಕ ಮಕ್ಕಳಿಗೆ ಕಲಿಸುವುದು ಸುಲಭದ ಕೆಲಸವಲ್ಲ, ಅದು ಬೇರೆಯೇ ಕೆಲಸ. ಎರಡು ಉದಾಹರಣೆ ನೋಡಿ. ಎರಡನೇ ತರಗತಿಯ ಮಗುವಿಗೆ 'ನೂರ ಐದು' ಬರೆಯಲು ಹೇಳಿದರೆ ಅದು 1005 ಎಂದು ಬರೆಯಬಹುದು. ಮಗು ದಡ್ಡ ಎಂದಲ್ಲ. ಅದು ನೂರನ್ನೂ ಐದನ್ನೂ ಕೇಳಿದಂತೆಯೇ ಬರೆದಿದೆ, ಸ್ಥಾನಬೆಲೆ ಇನ್ನೂ ಅದರ ತಲೆಗೆ ಇಳಿದಿಲ್ಲ. ಹಾಗೆಯೇ 'ಸೂರ್ಯ' ಎಂಬುದನ್ನು 'ಸೂಯರ' ಎಂದು ಓದುವ ಮಗುವಿಗೆ ಅಕ್ಷರ ಗೊತ್ತಿಲ್ಲವೆಂದಲ್ಲ. ಅರ್ಕಾವೊತ್ತನ್ನು ಬರೆಯುವುದು ಆಮೇಲಾದರೂ ಉಚ್ಚರಿಸುವುದು ಮೊದಲು ಎಂಬುದು ಅದಕ್ಕೆ ಗೊತ್ತಿಲ್ಲ, ಅಷ್ಟೇ. ಇಂಥ ತಪ್ಪಿನ ಹಿಂದಿರುವ ಯೋಚನೆಯನ್ನು ಗುರುತಿಸುವುದೇ ಒಂದು ವಿದ್ಯೆ. ಡಿ.ಇಎಲ್.ಇಡಿಯಲ್ಲಿ ಅದನ್ನು ಕಲಿಸುತ್ತಾರೆ. ಬಿ.ಇಡಿಯ ಒತ್ತು ಒಂದೋ ಎರಡೋ ವಿಷಯಗಳನ್ನು ದೊಡ್ಡ ಮಕ್ಕಳಿಗೆ ಬೋಧಿಸುವ ಕಡೆಗಿರುತ್ತದೆ. ಮೊದಲ ಐದು ವರ್ಷ ಸರಿಯಾಗಿ ಕಲಿಸಬಲ್ಲ ಶಿಕ್ಷಕರು ಸಿಗುವುದು ಮಗುವಿನ ಹಕ್ಕಿನ ಭಾಗ ಎಂಬುದೇ ಸುಪ್ರೀಂ ಕೋರ್ಟ್ ತೀರ್ಪಿನ ತಿರುಳು.

ಯಾವ ತರಗತಿಗೆ ಏನು ಬೇಕು?

ಸ್ಥೂಲವಾಗಿ ಲೆಕ್ಕ ಹೀಗಿದೆ.

• ಒಂದರಿಂದ ಐದು: ಪಿಯುಸಿಯಲ್ಲಿ ಶೇ 50 ಅಂಕ, ಡಿ.ಇಎಲ್.ಇಡಿ, ಜೊತೆಗೆ ಟಿಇಟಿಯ ಮೊದಲ ಪತ್ರಿಕೆ.
• ಆರರಿಂದ ಎಂಟು: ಪದವಿ, ಅದರ ಜೊತೆ ಬಿ.ಇಡಿ ಅಥವಾ ಡಿ.ಇಎಲ್.ಇಡಿ, ಮತ್ತು ಟಿಇಟಿಯ ಎರಡನೇ ಪತ್ರಿಕೆ.
• ಒಂಬತ್ತು ಮತ್ತು ಹತ್ತು: ಸಂಬಂಧಪಟ್ಟ ವಿಷಯದಲ್ಲಿ ಪದವಿ ಮತ್ತು ಬಿ.ಇಡಿ.
• ಪಿಯು ಕಾಲೇಜು: ಆ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮತ್ತು ಬಿ.ಇಡಿ.
• ಪದವಿ ಕಾಲೇಜು, ವಿಶ್ವವಿದ್ಯಾಲಯ: ಶೇ 55 ಅಂಕದ ಸ್ನಾತಕೋತ್ತರ ಪದವಿ, ಜೊತೆಗೆ ನೆಟ್ ಅಥವಾ ಕೆ-ಸೆಟ್. ಇಲ್ಲಿ ಬಿ.ಇಡಿ ಕೇಳುವುದಿಲ್ಲ.

ಮೀಸಲಾತಿ ವರ್ಗಗಳಿಗೆ ಅಂಕಗಳಲ್ಲಿ ಸಡಿಲಿಕೆ ಇದೆ. ಇದಲ್ಲದೆ ಪ್ರತಿ ಹುದ್ದೆಗೂ ಸರ್ಕಾರದ ವೃಂದ ಮತ್ತು ನೇಮಕಾತಿ ನಿಯಮಗಳಿವೆ. ಪದವಿಯಲ್ಲಿ ಯಾವ ಯಾವ ವಿಷಯ ಓದಿರಬೇಕು ಎಂಬುದನ್ನು ಆ ನಿಯಮಗಳು ಹೇಳುತ್ತವೆ. ಬಿ.ಇಡಿ ಇದ್ದೂ ಪದವಿಯ ವಿಷಯಗಳು ಹೊಂದದೆ ಅರ್ಜಿ ತಿರಸ್ಕೃತವಾಗಬಹುದು. ಆದ್ದರಿಂದ ಪದವಿಗೆ ಸೇರುವಾಗಲೇ ಈ ನಿಯಮಗಳ ಮೇಲೊಮ್ಮೆ ಕಣ್ಣಾಡಿಸುವುದು ಒಳ್ಳೆಯದು.

ನಂಬಿಕೆ 2: ಟಿಇಟಿ ಪಾಸಾದರೆ ಕೆಲಸ ಸಿಕ್ಕಂತೆ

ಟಿಇಟಿ ಎಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಹೆಸರೇ ಹೇಳುವಂತೆ ಇದು ಅರ್ಹತೆಯನ್ನು ಮಾತ್ರ ಕೊಡುತ್ತದೆ, ಹುದ್ದೆಯನ್ನಲ್ಲ. ಬಸ್ಸು ಹತ್ತಲು ಟಿಕೆಟ್ ಸಿಕ್ಕಂತೆ, ಸೀಟು ಸಿಗುವುದು ಬೇರೆ ಮಾತು. ಸರ್ಕಾರಿ ನೇಮಕಾತಿಗೆ ಬೇರೆ ಅಧಿಸೂಚನೆ, ಬೇರೆ ಸ್ಪರ್ಧಾತ್ಮಕ ಪರೀಕ್ಷೆ, ಬೇರೆ ಆಯ್ಕೆಪಟ್ಟಿ ಇರುತ್ತವೆ. 2022ರಲ್ಲಿ ರಾಜ್ಯ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದಾಗಲೂ ಟಿಇಟಿ ಪಾಸಾದವರು ಮತ್ತೊಂದು ಪರೀಕ್ಷೆ ಬರೆಯಬೇಕಾಯಿತು.

ಕರ್ನಾಟಕದ ಟಿಇಟಿಯನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ನಡೆಸುತ್ತದೆ. ಕೇಂದ್ರದ ಸಿಟಿಇಟಿಯನ್ನು ಸಿಬಿಎಸ್‌ಇ ನಡೆಸುತ್ತದೆ. ಎರಡರಲ್ಲೂ 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ ಸಮಯ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮೊದಲ ಪತ್ರಿಕೆಯಲ್ಲಿ ಶಿಶು ವಿಕಸನ ಮತ್ತು ಬೋಧನಾ ವಿಧಾನ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ ಹೀಗೆ ಐದು ಭಾಗಗಳಿದ್ದು, ಪ್ರತಿಯೊಂದಕ್ಕೂ 30 ಅಂಕ. ಎರಡನೇ ಪತ್ರಿಕೆಯಲ್ಲಿ ಮೊದಲ ಮೂರು ಭಾಗ ಅವೇ. ಉಳಿದ 60 ಅಂಕ ಗಣಿತ-ವಿಜ್ಞಾನಕ್ಕೆ ಅಥವಾ ಸಮಾಜ ವಿಜ್ಞಾನಕ್ಕೆ. ಸಾಮಾನ್ಯ ವರ್ಗದವರು ಪಾಸಾಗಲು ಶೇ 60, ಅಂದರೆ 90 ಅಂಕ ಬೇಕು.

ನಂಬಿಕೆ 3: ಟಿಇಟಿ ಪ್ರಮಾಣಪತ್ರದ ಅವಧಿ ಏಳೇ ವರ್ಷ

ಹಿಂದೆ ಹಾಗಿತ್ತು. 2021ರಲ್ಲಿ ಈ ನಿಯಮ ಬದಲಾಗಿ ಪ್ರಮಾಣಪತ್ರ ಜೀವನಪೂರ್ತಿ ಮಾನ್ಯ ಎಂದಾಯಿತು. 2011ರಿಂದ ಪಾಸಾದ ಎಲ್ಲರಿಗೂ ಇದು ಅನ್ವಯ. ಹಳೆಯ ಪ್ರಮಾಣಪತ್ರವನ್ನು ಕೆಲಸಕ್ಕೆ ಬಾರದ್ದೆಂದು ಮೂಲೆಗೆ ಹಾಕಿದ್ದರೆ ಹೊರತೆಗೆಯಿರಿ.

ಇನ್ನೊಂದು ಬದಲಾವಣೆ ಈಗಾಗಲೇ ಕೆಲಸದಲ್ಲಿರುವ ಶಿಕ್ಷಕರಿಗೆ ಸಂಬಂಧಿಸಿದ್ದು. ಒಂದರಿಂದ ಎಂಟನೇ ತರಗತಿಗೆ ಕಲಿಸುವ, ಸೇವೆಯಲ್ಲಿರುವ ಶಿಕ್ಷಕರೂ ಟಿಇಟಿ ಪಾಸಾಗಬೇಕು ಎಂದು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದವರಿಗೆ ಎರಡು ವರ್ಷ ಕಾಲಾವಕಾಶ ನೀಡಿತು. ಐದು ವರ್ಷಕ್ಕಿಂತ ಕಡಿಮೆ ಉಳಿದವರು ಪರೀಕ್ಷೆ ಬರೆಯದೆ ಸೇವೆಯಲ್ಲಿ ಮುಂದುವರಿಯಬಹುದು, ಆದರೆ ಬಡ್ತಿ ಬೇಕೆಂದರೆ ಅವರೂ ಪಾಸಾಗಬೇಕು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ವಿಸ್ತೃತ ಪೀಠಕ್ಕೆ ಒಪ್ಪಿಸುವಂತೆ ಕೋರಲಾಗಿದೆ. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಮತ್ತೆ ಪರೀಕ್ಷೆ ಎಂದರೆ ನೋವಾಗುವುದು ಸಹಜ. ಆದರೆ "ನಮಗೆ ಇದು ಅನ್ವಯಿಸುವುದಿಲ್ಲ" ಎಂಬ ವಾಟ್ಸ್‌ಆ್ಯಪ್ ಸಂದೇಶವನ್ನು ನಂಬಿ ಸುಮ್ಮನೆ ಕೂರುವುದು ಅಪಾಯ. ಇಲಾಖೆಯ ಆದೇಶ ಏನಿದೆಯೋ ಅದನ್ನೇ ನೋಡಿ.

ನಂಬಿಕೆ 4: ಕಾಲೇಜಿಗೆ ಹೋಗದೆಯೂ ಬಿ.ಇಡಿ ಮಾಡಬಹುದು

"ಹಾಜರಾತಿ ಬೇಕಿಲ್ಲ, ಪರೀಕ್ಷೆಗೆ ಬಂದರೆ ಸಾಕು" ಎಂಬ ಮಾತನ್ನು ನೀವೂ ಕೇಳಿರಬಹುದು. ನಿಯಮ ಇದಕ್ಕೆ ತದ್ವಿರುದ್ಧ. ಎನ್‌ಸಿಟಿಇಯ 2014ರ ನಿಯಮಾವಳಿಯಿಂದ ಬಿ.ಇಡಿ ಒಂದು ವರ್ಷದ ಬದಲು ಎರಡು ವರ್ಷದ ಕೋರ್ಸ್ ಆಯಿತು. ವರ್ಷಕ್ಕೆ 200 ದಿನ ಕೆಲಸ ನಡೆಯಬೇಕು. ತರಗತಿ ಮತ್ತು ಪ್ರಾಯೋಗಿಕ ಕೆಲಸಕ್ಕೆ ಶೇ 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಾತಿ ಕಡ್ಡಾಯ. ಎರಡು ವರ್ಷದಲ್ಲಿ ಒಟ್ಟು 20 ವಾರ ಶಾಲೆಗಳಲ್ಲಿ ಕಳೆಯಬೇಕು. ಈಜುವುದನ್ನು ದಡದಲ್ಲಿ ಕೂತು ಕಲಿಯಲಾಗದು ಎಂಬುದೇ ಈ 20 ವಾರಗಳ ಹಿಂದಿನ ಯೋಚನೆ.

ದೂರಶಿಕ್ಷಣದ ಬಿ.ಇಡಿ ಇಲ್ಲವೆಂದಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಇಗ್ನೋದಂತಹ ಸಂಸ್ಥೆಗಳು ಇದನ್ನು ನಡೆಸಿಕೊಂಡು ಬಂದಿವೆ. ಆದರೆ 2014ರ ನಿಯಮಾವಳಿಯ ಪ್ರಕಾರ ಅದು ಎಲ್ಲರಿಗೂ ಅಲ್ಲ. ತರಬೇತಿ ಪಡೆದು ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡುತ್ತಿರುವ ಶಿಕ್ಷಕರಿಗೆ ಅಥವಾ ಡಿ.ಇಡಿಯಂಥ ಮಾನ್ಯತೆ ಪಡೆದ ತರಬೇತಿಯನ್ನು ತರಗತಿಯಲ್ಲಿ ಕೂತು ಮುಗಿಸಿದವರಿಗೆ ಮಾತ್ರ. ಪದವಿ ಮುಗಿಸಿ ನೇರವಾಗಿ ಮನೆಯಲ್ಲೇ ಬಿ.ಇಡಿ ಮಾಡಿಸುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಅಲ್ಲೇ ನಿಲ್ಲಿ. ದಾಖಲೆ ಪರಿಶೀಲನೆಯ ದಿನ ಅಂಥ ಪ್ರಮಾಣಪತ್ರ ಬಿದ್ದುಹೋದರೆ ಹಣ ಪಡೆದವರು ನಿಮ್ಮ ಪಕ್ಕದಲ್ಲಿ ನಿಂತಿರುವುದಿಲ್ಲ.

ನಂಬಿಕೆ 5: ವಿಶ್ವವಿದ್ಯಾಲಯದ ಹೆಸರಿದ್ದರೆ ಕಾಲೇಜು ಮಾನ್ಯವೇ

ಬಿ.ಇಡಿ ಕಾಲೇಜಿಗೆ ಎರಡು ಬಗೆಯ ಒಪ್ಪಿಗೆ ಬೇಕು. ಒಂದು ಎನ್‌ಸಿಟಿಇಯ ಮಾನ್ಯತೆ, ಇನ್ನೊಂದು ವಿಶ್ವವಿದ್ಯಾಲಯದ ಸಂಯೋಜನೆ. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಪ್ರಯೋಜನವಿಲ್ಲ. ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಎನ್‌ಸಿಟಿಇ ಜಾಲತಾಣದಲ್ಲಿದೆ. ಶುಲ್ಕ ಕಟ್ಟುವ ಮೊದಲು ಆ ಪಟ್ಟಿಯಲ್ಲಿ ಕಾಲೇಜಿನ ಹೆಸರು, ಕೋರ್ಸ್, ಮಂಜೂರಾದ ಸೀಟುಗಳ ಸಂಖ್ಯೆ ಮೂರನ್ನೂ ನೋಡಿ. ಮಾನ್ಯತೆ ಆದೇಶದ ಪ್ರತಿ ತೋರಿಸಿ ಎಂದು ಕಾಲೇಜನ್ನೇ ಕೇಳಬಹುದು. ಕೇಳಲು ಸಂಕೋಚ ಬೇಡ.

ಕಾಲೇಜಿನಲ್ಲಿ, ವಿಶ್ವವಿದ್ಯಾಲಯದಲ್ಲಿ ಏನೇನು ಸಿಗುತ್ತದೆ?

ನಮ್ಮ ವಿದ್ಯಾರ್ಥಿಗಳು ಹಣ ಕೊಟ್ಟು ಕೋಚಿಂಗ್‌ಗೆ ಸೇರುತ್ತಾರೆ, ಆದರೆ ಉಚಿತವಾಗಿ ಕೈಗೆ ಸಿಗುವುದನ್ನು ಬಿಟ್ಟುಬಿಡುತ್ತಾರೆ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳನ್ನು ನಾವು ಡಯಟ್ ಎಂದು ಕರೆಯುತ್ತೇವೆ. ಅಲ್ಲಿ ಡಿ.ಇಎಲ್.ಇಡಿ ಓದಬಹುದು. ಪ್ರಾಥಮಿಕ ಶಿಕ್ಷಣದ ಬಗ್ಗೆ ಅನುಭವವುಳ್ಳ ಉಪನ್ಯಾಸಕರೂ ಅಲ್ಲಿರುತ್ತಾರೆ. ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದ ಗ್ರಂಥಾಲಯದಲ್ಲಿ ಮನಶ್ಶಾಸ್ತ್ರ ಮತ್ತು ಬೋಧನಾ ವಿಧಾನದ ಮೂಲ ಪುಸ್ತಕಗಳು ಸಿಗುತ್ತವೆ. ಟಿಇಟಿಯ ವಿಷಯ ಪ್ರಶ್ನೆಗಳಿಗೆ ಶಾಲಾ ಪಠ್ಯವೇ ಬುನಾದಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಆ ಪುಸ್ತಕಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ದೀಕ್ಷಾ ವೇದಿಕೆಯಲ್ಲಿ ಪಾಠಗಳ ವಿಡಿಯೊಗಳೂ ಇವೆ.

ಪಿಯುಸಿ ಮುಗಿಸುತ್ತಿರುವವರಿಗೆ ಇನ್ನೊಂದು ದಾರಿಯಿದೆ. ಪದವಿ ಮತ್ತು ಬಿ.ಇಡಿ ಒಟ್ಟಿಗೇ ಮುಗಿಯುವ ನಾಲ್ಕು ವರ್ಷದ ಕೋರ್ಸ್ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ದಶಕಗಳಿಂದ ನಡೆದುಬಂದಿದೆ. 2030ರ ಹೊತ್ತಿಗೆ ನಾಲ್ಕು ವರ್ಷದ ಸಂಯೋಜಿತ ಬಿ.ಇಡಿಯೇ ಶಿಕ್ಷಕರ ಕನಿಷ್ಠ ಪದವಿಯಾಗಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆಯ್ದ ಸಂಸ್ಥೆಗಳಲ್ಲಿ 2023-24ರಿಂದ ಅದು ಐಟಿಇಪಿ ಎಂಬ ಹೆಸರಿನಲ್ಲಿ ಶುರುವಾಗಿದೆ. ಮೂರು ವರ್ಷದ ಪದವಿ, ಎರಡು ವರ್ಷದ ಬಿ.ಇಡಿಗೆ ಹೋಲಿಸಿದರೆ ಒಂದು ವರ್ಷ ಉಳಿಯುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಇಲ್ಲಿಯೂ ಯಾವ ಹಂತದ ಮಕ್ಕಳಿಗೆ ಕಲಿಸುತ್ತೀರಿ ಎಂಬುದಕ್ಕೆ ತಕ್ಕಂತೆ ಕೋರ್ಸ್ ಬೇರೆ ಬೇರೆ.

ಕೊನೆಗೆ

ಆ ಮನೆಯ ಮಗಳ ಓದು ವ್ಯರ್ಥವಾಗಿಲ್ಲ. ಆಕೆ ಟಿಇಟಿಯ ಎರಡನೇ ಪತ್ರಿಕೆ ಬರೆದು ಆರರಿಂದ ಎಂಟನೇ ತರಗತಿಗೆ ಪ್ರಯತ್ನಿಸಬಹುದು. ಪದವಿಯ ವಿಷಯಗಳು ಹೊಂದಿದರೆ ಪ್ರೌಢಶಾಲೆಯ ಹುದ್ದೆಗೂ ಅರ್ಜಿ ಹಾಕಬಹುದು. ಒಂದನೇ ತರಗತಿಗೇ ಕಲಿಸಬೇಕು ಎಂಬ ಆಸೆ ಗಟ್ಟಿಯಾಗಿದ್ದರೆ ಮಾತ್ರ ಇನ್ನೆರಡು ವರ್ಷ ಡಿ.ಇಎಲ್.ಇಡಿ ಓದಬೇಕು. ಇದನ್ನು ನಾವು ಹೇಳಿದಾಗ ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಸೇರೋ ಮುಂಚೆ ಯಾರೂ ಹೇಳಲಿಲ್ವಲ್ಲ" ಎಂದರು.

ಅದಕ್ಕಾಗಿಯೇ ಈ ಬರಹ. "ಯಾವ ಕೋರ್ಸ್ ಮಾಡಲಿ?" ಎಂಬುದು ಎರಡನೆಯ ಪ್ರಶ್ನೆ. ಮೊದಲ ಪ್ರಶ್ನೆ, "ಯಾವ ವಯಸ್ಸಿನ ಮಕ್ಕಳಿಗೆ ಕಲಿಸಲು ನನಗೆ ಇಷ್ಟ?" ಎಂಬುದು. ಅದಕ್ಕೆ ಉತ್ತರ ಸಿಕ್ಕಮೇಲೆ ಕೋರ್ಸ್, ಕಾಲೇಜು, ಪರೀಕ್ಷೆ ಎಲ್ಲಕ್ಕೂ ದಾರಿ ಕಾಣುತ್ತದೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಈ ವರ್ಷ ಪಿಯುಸಿ ಅಥವಾ ಡಿಗ್ರಿ ಮುಗಿಸುವವರು ಇದ್ದರೆ, ಅವರು ಅರ್ಜಿ ತುಂಬುವ ಮೊದಲು ಇದನ್ನೊಮ್ಮೆ ಓದಿ ಹೇಳಿ.