ಟಾಪ್ ಮೇಲಿನ ಕ್ಯಾರಿಯರ್: ದಂಡ ಬೀಳೋದು ಯಾವುದಕ್ಕೆ, ಜೀವ ಹೋಗೋದು ಯಾವುದರಿಂದ?

ಬೆಸಗರಹಳ್ಳಿ: ಲಗ್ನದ ದಿನ ಶುರುವಾದ್ರೆ ಸಾಕು, ನಮ್ಮ ಕಡೆ ಬೊಲೆರೊ, ಸುಮೋ, ತೂಫಾನ್‌ಗಳ ಟಾಪ್ ಖಾಲಿ ಇರೋದೇ ಇಲ್ಲ. ಅಡುಗೆಯವರ ಕೊಪ್ಪರಿಗೆ, ಶಾಮಿಯಾನದ ಗಳ, ಮಾದಪ್ಪನ ಬೆಟ್ಟಕ್ಕೆ ಹೊರಟವರ ಅಕ್ಕಿ ಮೂಟೆ, ಒಲೆ, ಸಿಲಿಂಡರ್ ಎಲ್ಲಾ ಮೇಲೇನೇ. ಇದರ ಜೊತೆಗೆ ಈಗ ಥಾರ್, ಜಿಮ್ನಿ ಹುಡುಗರದ್ದು ಬೇರೆ. ಕಪ್ಪು ಬಣ್ಣದ ಕ್ಯಾರಿಯರ್, ಅದರ ಮುಂದೆ ಉದ್ದಕ್ಕೆ ಎಲ್‌ಇಡಿ ಪಟ್ಟಿ, ಪಕ್ಕಕ್ಕೆ ಡೀಸೆಲ್ ಕ್ಯಾನು, ಸನಿಕೆ, ಹಿಂದೆ ಏಣಿ. ಮುತ್ತತ್ತಿ ಕಡೆ ಒಂದು ಟ್ರಿಪ್, ಊರೊಳಗೆ ನಾಲ್ಕು ರೌಂಡು.

ತಮಾಷೆಗೆ ಹೇಳ್ತಿಲ್ಲ, ಇದು ದುಡ್ಡಿನ ವಿಷಯ, ಅದಕ್ಕಿಂತ ಹೆಚ್ಚಾಗಿ ಜೀವದ ವಿಷಯ. ಯಾಕಂದ್ರೆ ಕ್ಯಾರಿಯರ್ ಅದೇ ಇದ್ರೂ ಗಾಡಿ ಓಡೋ ರಸ್ತೆ ಬದಲಾಗಿದೆ.

ಹಳೇ ರಸ್ತೆ ಲೆಕ್ಕ ಹೊಸ ರಸ್ತೆಗೆ ಆಗಲ್ಲ

ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆ ಆಗಿದ್ದು 2023ರ ಮಾರ್ಚ್ 12ರಂದು, ನಮ್ಮ ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು. ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ. ಊರ ರಸ್ತೇಲಿ 50ರಲ್ಲಿ ಓಡ್ತಿದ್ದ ಬೊಲೆರೊ ಮದ್ದೂರಿನಲ್ಲಿ ಹೆದ್ದಾರಿ ಹತ್ತಿದ ಕೂಡಲೇ 100ಕ್ಕೆ ಹೋಗುತ್ತೆ. ವೇಗ ಎರಡು ಪಟ್ಟಾದರೆ ಮೇಲಿನ ಲಗೇಜ್‌ಗೆ ಬಡಿಯೋ ಗಾಳಿಯ ಬಲ ಎರಡಲ್ಲ, ನಾಲ್ಕು ಪಟ್ಟಾಗುತ್ತೆ. ಊರೊಳಗೆ ಅಲುಗಾಡದೇ ಇದ್ದ ಟಾರ್ಪಾಲು ಅಲ್ಲಿ ಪಟಪಟ ಅಂದು ಹಗ್ಗ ಸಡಿಲ ಮಾಡೋದು ಇದಕ್ಕೇ.

ಬ್ರೇಕಿನ ಕತೆಯೂ ಹಾಗೇ. ಗಟ್ಟಿಯಾಗಿ ಬ್ರೇಕ್ ಒತ್ತಿದರೆ 25 ಕೆ.ಜಿ. ಅಕ್ಕಿ ಮೂಟೆ ಸುಮಾರು 20 ಕೆ.ಜಿ. ಬಲದಲ್ಲಿ ಮುಂದಕ್ಕೆ ನುಗ್ಗುತ್ತೆ. ಮುಂದಿನ ಗಾಡಿಗೆ ಗುದ್ದಿದರೆ ಅದು ಎಷ್ಟೋ ಪಟ್ಟು. ನಮ್ಮವರು ಹಗ್ಗ ಬಿಗಿಯೋದು ಎಡದಿಂದ ಬಲಕ್ಕೆ, ಅಡ್ಡಡ್ಡ. ಮುಂದಕ್ಕೆ ಜಾರದ ಹಾಗೆ ತಡೆಯೋ ಕಟ್ಟು ಇರೋದು ಕಮ್ಮಿ. ಹಿಂದೆ ಬರೋ ಕಾರಿನವನು 100ರಲ್ಲಿದ್ದಾಗ ರಸ್ತೆಗೆ ಒಂದು ಕೊಪ್ಪರಿಗೆ ಉರುಳಿದರೆ ಏನಾಯ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಟಾಪ್ ಎಷ್ಟು ಹೊರುತ್ತೆ?

ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಟಾಪ್ ಮೇಲಿನ ತೂಕದ ಮಿತಿ ಬರೆದಿರುತ್ತೆ. ಸಾಮಾನ್ಯವಾಗಿ ಈ ಜಾತಿ ಗಾಡಿಗಳಿಗೆ ಅದು 50ರಿಂದ 100 ಕೆ.ಜಿ. ಒಳಗೆ. ಆಸ್ಟ್ರೇಲಿಯಾದಲ್ಲಿ ಮಾರುವ ಮೂರು ಬಾಗಿಲ ಜಿಮ್ನಿಗೆ ಸುಜುಕಿ ಹೇಳೋದು ಬರೀ 30 ಕೆ.ಜಿ. ಥಾರ್‌ನ ಬಟ್ಟೆ ಟಾಪಿಗಂತೂ ಹೊರೋ ತಾಕತ್ತೇ ಇಲ್ಲ, ಅಲ್ಲಿ ಭಾರ ಎಲ್ಲಾ ಹೊರಗಿನ ಫ್ರೇಮಿನ ಮೇಲೆ.

ಬಹಳ ಜನ ಮರೆಯೋದು ಇನ್ನೊಂದು: ಈ ಮಿತಿಯಲ್ಲಿ ಕ್ಯಾರಿಯರ್‌ನ ಸ್ವಂತ ತೂಕವೂ ಸೇರಿದೆ. 75 ಕೆ.ಜಿ. ಮಿತಿ ಅಂತ ಇಟ್ಕೊಳ್ಳಿ. ವೆಲ್ಡಿಂಗ್ ಅಂಗಡೀಲಿ ಮಾಡಿಸಿದ ಕಬ್ಬಿಣದ ಕ್ಯಾರಿಯರ್ 35 ಕೆ.ಜಿ. ಇದ್ರೆ ಉಳಿದದ್ದು 40. ತುಂಬಿದ ಗ್ಯಾಸ್ ಸಿಲಿಂಡರ್ ಒಂದೇ ಹತ್ತಿರ ಹತ್ತಿರ 30 ಕೆ.ಜಿ., ಅದರಲ್ಲಿ ಗ್ಯಾಸೇ 14.2. ಪಕ್ಕಕ್ಕೆ 20 ಲೀಟರ್ ನೀರಿನ ಕ್ಯಾನ್ ಇಟ್ಟರೆ ಮಿತಿ ದಾಟಿತು. ಅಕ್ಕಿ, ಪಾತ್ರೆ ಇನ್ನೂ ಕೆಳಗೇ ಇದೆ! ಅಸಲಿಗೆ ಸಿಲಿಂಡರ್ ಟಾಪ್ ಮೇಲೆ ಹೋಗಲೇಬಾರದು, ಆ ಮಾತು ಬೇರೆ.

ಭಾರ ಮೇಲೆ ಹೋದಷ್ಟೂ ಗಾಡಿ ಮಗುಚೋ ಗುಣ ಜಾಸ್ತಿ. ಮೊದಲೇ ಎತ್ತರದ ಗಾಡಿ, ಕೊಪ್ಪ ಕಡೆಯಿಂದ ಕಬ್ಬಿನ ಟ್ರ್ಯಾಕ್ಟರ್ ಎದುರು ಬಂತು ಅಂತ ಸ್ಟೇರಿಂಗ್ ಒಮ್ಮೆಗೇ ತಿರುಗಿಸಿದಾಗ ಗೊತ್ತಾಗುತ್ತೆ. ಅದಕ್ಕೇ ತೂಕದ್ದು ಗಾಡಿ ಒಳಗೆ, ಕೆಳಗೆ. ಹಾಸಿಗೆ, ಬಟ್ಟೆ ಗಂಟು, ಖಾಲಿ ಕುಕ್ಕೆಯಂಥ ಹಗುರದ್ದು ಮಾತ್ರ ಮೇಲೆ.

ಕಾನೂನು ಏನು ಹೇಳುತ್ತೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರ, ಆರ್‌ಸಿಯಲ್ಲಿರೋ ವಿವರ ಬದಲಾಗೋ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಡಕ್ಕಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ ಮೇಲೆ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5 ಸಾವಿರ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲಾಂದ್ರೆ ಎರಡೂ. ಲೋಡು ಗಾಡಿಯ ಅಕ್ಕಪಕ್ಕ, ಹಿಂದೆ ಮುಂದೆ, ಎತ್ತರಕ್ಕೆ ಮಿತಿ ಮೀರಿ ಚಾಚಿದರೆ 194ನೇ ಕಲಮಿನಲ್ಲಿ 20 ಸಾವಿರ, ಜೊತೆಗೆ ಲೋಡು ಇಳಿಸೋ ಖರ್ಚು.

ಬಿಚ್ಚಿ ಹಾಕುವ ಕ್ಯಾರಿಯರ್‌ನಿಂದ ಆರ್‌ಸಿ ವಿವರ ಬದಲಾಗಲ್ಲ ಅನ್ನೋದು ಅಂಗಡಿಯವರ ವಾದ. ಅದರಲ್ಲಿ ಅರ್ಥ ಇಲ್ಲದೇ ಇಲ್ಲ. ಆದರೆ ಟಾಪ್ ಕೊರೆದು, ವೆಲ್ಡ್ ಮಾಡಿ ಕೂರಿಸಿದ್ದಕ್ಕೆ ಆ ವಾದ ನಡೆಯಲ್ಲ. ಕೊರೆದ ತೂತಿನಿಂದ ಮಳೆ ನೀರಿಳಿದು ಟಾಪ್ ತುಕ್ಕು ಹಿಡಿಯೋದಂತೂ ಗ್ಯಾರಂಟಿ. ಹಳೇ ಜೀಪು, ಸುಮೋಗಳಿಗೆ ಟಾಪ್ ಅಂಚಿನಲ್ಲಿ ನೀರು ಹರಿಯೋ ಪಟ್ಟಿ ಇದೆ, ಅದಕ್ಕೆ ಕ್ಲಾಂಪ್ ಹಾಕಿದರೆ ಸಾಕು, ತೂತು ಬೇಡ. ಹೊಸ ಗಾಡಿಗೆ ರೂಫ್ ರೈಲ್ ಇದ್ದರೆ ಅದರ ಮೇಲೇ ಕೂರಿಸಿ. ಅದು ಬರೀ ಶೋಗೆ ಅಂಟಿಸಿದ್ದಾ, ಭಾರ ಹೊರೋದಾ ಅಂತ ಕೇಳಿಕೊಳ್ಳಿ.

ಎಲ್‌ಇಡಿ ಪಟ್ಟಿ ವಿಷಯದಲ್ಲಿ ಮಾತ್ರ ವಾದಕ್ಕೆ ಜಾಗವೇ ಇಲ್ಲ. ಪೂರ್ವಾನುಮತಿ ಇಲ್ಲದೆ ಗಾಡಿ ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಹಾಕುವಂತಿಲ್ಲ ಅಂತ ಕೇಂದ್ರದ ನಿಯಮ 111 ಹೇಳುತ್ತೆ. 2024ರ ಜುಲೈಯಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕೋ ಲೈಟುಗಳ ಮೇಲೆ ಕೇಸ್ ಹಾಕೋಕೆ ಶುರು ಮಾಡಿದ್ದೂ ಗೊತ್ತಿರೋದೇ. ರಾತ್ರಿ ಎದುರಿನ ಬೈಕಿನವನಿಗೆ ಕಣ್ಣು ಕತ್ತಲೆ ಬಂದು ಚಾನೆಲ್‌ಗೆ ಇಳಿದರೆ ಯಾರು ಹೊಣೆ? ಈ ವಿಷಯದಲ್ಲಿ ಪೊಲೀಸರ ಪರವೇ ನಮ್ಮ ಮಾತು.

ನಮ್ಮ ತಕರಾರು ಇಲ್ಲಿ

ಕಣ್ಣಿಗೆ ಕಾಣೋ ಲೈಟಿಗೆ, ಬಂಪರ್ ಗಾರ್ಡಿಗೆ ಕೇಸ್ ಬೀಳುತ್ತೆ. ಟಾಪ್ ಮೇಲೆ ಎಷ್ಟು ಕೆ.ಜಿ. ಇದೆ, ಹೇಗೆ ಕಟ್ಟಿದ್ದಾರೆ ಅಂತ ಕೇಳೋರು ಅಪರೂಪ. ಶೋಕಿಗೆ ಹಾಕಿದವನಿಗೂ, ಅಡುಗೆ ಸಾಮಾನು ಹೊತ್ತು ಹೊಟ್ಟೆ ಹೊರೆಯುವವನಿಗೂ ಒಂದೇ ಕಲಂ. ಬಾಡಿಗೆ ಗಾಡಿಯವರು ಎಫ್‌ಸಿ ದಿನ ಕ್ಯಾರಿಯರ್ ಬಿಚ್ಚಿಟ್ಟು ಹೋಗಿ, ಸಂಜೆ ಮತ್ತೆ ಹಾಕಿಸೋ ಪರಿಸ್ಥಿತಿ ಬಂದರೆ ಅವಸರಕ್ಕೆ ನಟ್ಟು ಅರ್ಧ ಬಿಗಿಯೋದೇ ಹೆಚ್ಚು. ಯಾವ ಥರದ ಕ್ಯಾರಿಯರ್ ನಡೆಯುತ್ತೆ, ಯಾವುದು ನಡೆಯಲ್ಲ ಅಂತ ಮಂಡ್ಯ ಆರ್‌ಟಿಒ ಕಚೇರಿ ಕನ್ನಡದಲ್ಲಿ ಒಂದು ಹಾಳೆ ಮಾಡಿ ಗೋಡೆಗೆ ಅಂಟಿಸಲಿ. ಖರ್ಚಾಗೋದು ಒಂದು ಜೆರಾಕ್ಸ್.

ಅಂಗಡಿಯವರೂ ಒಂದು ಕೆಲಸ ಮಾಡಬಹುದು. ಕ್ಯಾರಿಯರ್ ಕೊಡುವಾಗ ಬಿಲ್ಲಿನಲ್ಲೇ ಅದರ ತೂಕ ಬರೆದುಕೊಡಿ. ಆ ಬಿಲ್ ಗಿರಾಕಿಗೆ ಇನ್ಶೂರೆನ್ಸ್‌ಗೂ ಬೇಕು. ಹೊರಗಿನಿಂದ ಹಾಕಿಸಿದ ಸಾಮಾನನ್ನು ಪಾಲಿಸಿಯಲ್ಲಿ ಸೇರಿಸದಿದ್ದರೆ ಅಪಘಾತವಾದಾಗ ಅದರ ದುಡ್ಡು ಬರಲ್ಲ.

ಗಾಡಿ ಹೊರಡಿಸೋ ಅಣ್ಣಂದಿರು ಕೊಕ್ಕೆ ಇರೋ ಎಲಾಸ್ಟಿಕ್ ಹಗ್ಗ ನಂಬಬೇಡಿ, ಅದು ಟಾರ್ಪಾಲಿಗಷ್ಟೇ ಸರಿ. ಬಿಗಿಯೋ ಹಿಡಿ ಇರೋ ಬೆಲ್ಟ್ ತಗೊಳ್ಳಿ, ಅಡ್ಡಕ್ಕೆ ಎರಡು, ಮುಂದಿನಿಂದ ಹಿಂದಕ್ಕೆ ಒಂದಾದರೂ ಇರಲಿ. ನೈಲಾನ್ ಹಗ್ಗ ನೆಂದರೆ ಹಿಗ್ಗುತ್ತೆ. ಹೆದ್ದಾರಿ ಹತ್ತೋ ಮುಂಚೆ ಮದ್ದೂರಿನಲ್ಲಿ ಟೀ ಕುಡಿಯೋಕೆ ಹೇಗೂ ನಿಲ್ಲಿಸ್ತೀರಿ, ವಡೆ ಬರೋಷ್ಟರಲ್ಲಿ ಒಂದು ಸಲ ಮೇಲೆ ಹತ್ತಿ ಅಲುಗಾಡಿಸಿ ನೋಡಿ.